ಒಂದೇ ಪ್ರಮಾಣ, ಬೇರೆ ಬೇರೆ ಸಾವು: 2010ರ ಭೂಕಂಪಗಳ ಲೆಕ್ಕ

ಪ್ರಶ್ನೆ: 2010ರ ಜನವರಿಯಲ್ಲಿ ಹೈಟಿಯಲ್ಲಿ 7.0 ಪ್ರಮಾಣದ ಭೂಕಂಪವಾಗಿ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಒಂದೂವರೆ ತಿಂಗಳ ನಂತರ ಚಿಲಿಯಲ್ಲಿ 8.8 ಆಯಿತು, ಸತ್ತವರು ಐನೂರರ ಆಸುಪಾಸು. ಸೆಪ್ಟೆಂಬರಿನಲ್ಲಿ ನ್ಯೂಜಿಲೆಂಡಿನಲ್ಲಿ 7.1 ಆದಾಗ ಕಟ್ಟಡ ಬಿದ್ದು ಒಬ್ಬರೂ ಸಾಯಲಿಲ್ಲ. ಹಾಗಾದರೆ ಈ ಅಳತೆಯಲ್ಲೇ ಏನಾದರೂ ದೋಷವಿದೆಯೇ? ಒಂದೇ ವರ್ಷದಲ್ಲಿ ಇಷ್ಟೊಂದು ದೊಡ್ಡ ಭೂಕಂಪಗಳು ಆಗಿದ್ದು ಭೂಮಿಯೊಳಗೆ ಏನೋ ಬದಲಾಗಿದೆ ಎಂಬುದರ ಸೂಚನೆಯೇ?

ಉತ್ತರ: ಅಳತೆ ಸರಿಯಾಗಿಯೇ ಇದೆ. ಆದರೆ ಎಷ್ಟು ಜನ ಸತ್ತರು ಎಂಬುದನ್ನು ಹೇಳಲು ಅದನ್ನು ಮಾಡಿದ್ದಲ್ಲ.

7.0 ಅಥವಾ 8.8 ಎಂಬ ಅಂಕಿ ಹೇಳುವುದು ನೆಲದಡಿಯ ಬಂಡೆಗೆ ಏನಾಯಿತು ಎಂಬುದನ್ನು. ಬಿರುಕಿನ, ಎಂದರೆ ಎರಡು ಬದಿಯ ಬಂಡೆಗಳು ಒಂದಕ್ಕೊಂದು ತಾಗಿ ಜಾರುವ ಸೀಳಿನ, ಎಷ್ಟು ದೊಡ್ಡ ಭಾಗ ಜಾರಿತು, ಎಷ್ಟು ಮೀಟರ್ ಜಾರಿತು, ಅಲ್ಲಿನ ಬಂಡೆ ಎಷ್ಟು ಗಡಸು, ಈ ಮೂರನ್ನು ಗುಣಿಸಿ ಬಂದ ಮೊತ್ತದಿಂದ ಆ ಅಂಕಿಯನ್ನು ತೆಗೆಯುತ್ತಾರೆ. ಥಾಮಸ್ ಹ್ಯಾಂಕ್ಸ್ ಮತ್ತು ಹಿರೂ ಕನಮೊರಿ 1979ರಲ್ಲಿ ಪ್ರಕಟಿಸಿದ ಸೂತ್ರ ಅದು. ಸುದ್ದಿಯಲ್ಲಿ ಇಂದಿಗೂ ‘ರಿಕ್ಟರ್ ಮಾಪಕ’ ಎನ್ನುತ್ತಾರೆ. ಚಾರ್ಲ್ಸ್ ರಿಕ್ಟರ್ 1935ರಲ್ಲಿ ಕ್ಯಾಲಿಫೋರ್ನಿಯಾದ ಕಂಪನಗಳಿಗೆಂದು ಮಾಡಿದ ಆ ಅಳತೆ ದೊಡ್ಡ ಭೂಕಂಪಗಳಿಗೆ ಸಾಲದು, ಹಾಗಾಗಿ ಅವುಗಳಿಗೆ ಅದನ್ನು ಕೈಬಿಟ್ಟು ಬಹಳ ವರ್ಷವಾಯಿತು. ಇನ್ನೊಂದು ಗೊಂದಲವೂ ಇದೆ. ‘7.0 ತೀವ್ರತೆಯ ಭೂಕಂಪ’ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ನಮ್ಮ ಭೂಕಂಪ ಶಾಸ್ತ್ರದಲ್ಲಿ ತೀವ್ರತೆ ಎಂದರೆ ಬೇರೆ: ಒಂದು ನಿರ್ದಿಷ್ಟ ಊರಿನಲ್ಲಿ ನೆಲ ಎಷ್ಟು ಜೋರಾಗಿ ಅಲುಗಿತು ಎಂಬುದು. ಒಂದು ಭೂಕಂಪಕ್ಕೆ ಪ್ರಮಾಣ ಒಂದೇ. ತೀವ್ರತೆ ಮಾತ್ರ ಊರಿಗೊಂದು. ಜನರನ್ನು ತಟ್ಟುವುದು ಈ ಎರಡನೆಯದು.

ಲೆಕ್ಕದ ಪ್ರಕಾರ ಪ್ರಮಾಣದಲ್ಲಿ ಒಂದು ಅಂಕಿ ಮೇಲೇರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಆ ಲೆಕ್ಕದಲ್ಲಿ ಚಿಲಿಯ ಭೂಕಂಪದ ಶಕ್ತಿ ಹೈಟಿಯದಕ್ಕಿಂತ ಸುಮಾರು 500 ಪಟ್ಟು. ಸಾವಿನ ಲೆಕ್ಕ ಅದಕ್ಕೆ ಪೂರ್ತಿ ತಿರುಗುಮುರುಗು. ಏಕೆ ಹೀಗಾಯಿತು ಎಂದು ತಿಳಿಯಲು ಒಂದೊಂದೇ ಊರಿಗೆ ಹೋಗಿ ನೋಡಬೇಕು.

ಹೈಟಿಯಲ್ಲಿ ಜನವರಿ 12ರ ಸಂಜೆ 4 ಗಂಟೆ 53 ನಿಮಿಷಕ್ಕೆ ನೆಲ ನಡುಗಿತು. ಬಿರುಕು ಜಾರಲು ಶುರುವಾದ ಜಾಗ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಿಂದ ಬರೀ 25 ಕಿಲೋಮೀಟರ್ ದೂರ, ಲಿಯೊಗಾನ್ ಪಟ್ಟಣದ ಹತ್ತಿರ. ಆಳ ಸುಮಾರು 13 ಕಿಲೋಮೀಟರ್. ಇಷ್ಟು ಮೇಲ್ಮಟ್ಟದಲ್ಲಿ, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿರುವ ನಗರದ ಮಗ್ಗುಲಲ್ಲೇ 7.0 ಆದರೆ ಕಂಪನದ ಅಲೆಗಳಿಗೆ ಸೊರಗಲು ದಾರಿಯೇ ಸಿಗುವುದಿಲ್ಲ. ಲಿಯೊಗಾನ್‌ನ ಬಹುಪಾಲು ಕಟ್ಟಡಗಳು ನೆಲಕಚ್ಚಿದವು. ರಾಜಧಾನಿಯಲ್ಲಿ ಅಧ್ಯಕ್ಷರ ಅರಮನೆ, ಮುಖ್ಯ ಚರ್ಚು, ಸಚಿವಾಲಯಗಳು, ವಿಶ್ವಸಂಸ್ಥೆಯ ಶಾಂತಿಪಡೆಯ ಪ್ರಧಾನ ಕಚೇರಿ ಕುಸಿದವು. ಆ ಪಡೆಯ ಮುಖ್ಯಸ್ಥ ಹೆಡಿ ಅನ್ನಾಬಿ ಅವಶೇಷಗಳಡಿ ಸತ್ತರು. ನೆರವು ಬೇಡಬೇಕಾದವರು, ನೀಡಬೇಕಾದವರು ಒಟ್ಟಿಗೇ ನೆಲಕ್ಕೆ ಬಿದ್ದ ದಿನ ಅದು.

ಆದರೆ ಹತ್ತಿರವಿತ್ತು ಎಂಬುದಷ್ಟೇ ಕಾರಣವಲ್ಲ. ಕೆರಿಬಿಯನ್ ದ್ವೀಪಗಳಲ್ಲಿ ವರ್ಷ ವರ್ಷವೂ ಬರುವ ಭಯ ಚಂಡಮಾರುತದ್ದು. ಗಾಳಿಗೆ ಹಾರಿಹೋಗದಿರಲಿ ಎಂದು ಜನ ಕಾಂಕ್ರೀಟಿನ ದಪ್ಪ ತಾರಸಿ ಹಾಕಿಸುತ್ತಾರೆ. ಗಾಳಿಗೆ ಅದು ಗಟ್ಟಿ. ಭೂಕಂಪದಲ್ಲಿ ತಲೆಯ ಮೇಲಿನ ಆ ಭಾರವೇ ಕಟ್ಟಡವನ್ನು ಅತ್ತಿಂದಿತ್ತ ಎಳೆದಾಡುತ್ತದೆ. ಅಂಥ ಭಾರವನ್ನು ಹೊತ್ತಿದ್ದು ಸಪೂರ ಪಿಲ್ಲರ್‌ಗಳು, ಟೊಳ್ಳು ಸಿಮೆಂಟ್ ಬ್ಲಾಕಿನ ಗೋಡೆಗಳು. ಅಲ್ಲಿ ಭೂಕಂಪವನ್ನು ಗಮನದಲ್ಲಿಟ್ಟು ಕಟ್ಟಿ ಎಂದು ಕಡ್ಡಾಯ ಮಾಡುವ ನಿಯಮವೂ ಇರಲಿಲ್ಲ, ಪರಿಶೀಲಿಸುವ ಅಧಿಕಾರಿಯೂ ಇರಲಿಲ್ಲ.

ಇಲ್ಲಿ ಒಂದು ಸಣ್ಣ ವಸ್ತುವಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪಿಲ್ಲರ್‌ನೊಳಗೆ ನೆಟ್ಟಗೆ ನಿಂತ ಉದ್ದನೆಯ ಕಂಬಿಗಳನ್ನು ಸುತ್ತಿ ಹಿಡಿಯಲು ತೆಳು ಕಂಬಿಯನ್ನು ಚೌಕಾಕಾರ ಬಗ್ಗಿಸಿ ಕಟ್ಟುತ್ತಾರಲ್ಲ, ಅದಕ್ಕೆ ಕೆಲಸದವರು ರಿಂಗ್ ಎನ್ನುತ್ತಾರೆ. ಕಟ್ಟಡ ಪಕ್ಕಕ್ಕೆ ತೂಗಿದಾಗ ಪಿಲ್ಲರ್‌ನ ತಲೆ ಮತ್ತು ಬುಡದಲ್ಲಿ ಒತ್ತಡ ಹೆಚ್ಚು. ಮೊದಲು ಹೊರಗಿನ ಕಾಂಕ್ರೀಟ್ ಸಿಪ್ಪೆಯಂತೆ ಉದುರುತ್ತದೆ. ಅಲ್ಲಿಂದ ಮುಂದೆ ಒಳಗಿನ ತಿರುಳನ್ನು ಹಿಡಿದಿಡುವುದು ರಿಂಗ್ ಮಾತ್ರ. ರಿಂಗುಗಳು ಒತ್ತೊತ್ತಾಗಿದ್ದು, ಅವುಗಳ ತುದಿ ಒಳಮುಖವಾಗಿ, ಕೊಕ್ಕೆಯ ಹಾಗೆ ತಿರುಳಿನೊಳಗೆ ಬಗ್ಗಿದ್ದರೆ ಪಿಲ್ಲರ್ ಜಜ್ಜಿಹೋದರೂ ಸ್ಲ್ಯಾಬನ್ನು ಹೊತ್ತು ನಿಲ್ಲುತ್ತದೆ. ಒಳಗಿದ್ದವರು ಹೊರಗೆ ಬರುತ್ತಾರೆ. ರಿಂಗುಗಳು ದೂರ ದೂರವಿದ್ದರೆ, ಅಥವಾ ತುದಿಯನ್ನು ಸುಮ್ಮನೆ ಲಂಬಕೋನಕ್ಕೆ, ಎಂದರೆ ತೊಂಬತ್ತು ಡಿಗ್ರಿಗೆ ಬಗ್ಗಿಸಿ ಬಿಟ್ಟಿದ್ದರೆ, ಹೊರಗಿನ ಕಾಂಕ್ರೀಟ್ ಉದುರಿದ ಕೂಡಲೇ ರಿಂಗ್ ಬಿಚ್ಚಿಕೊಳ್ಳುತ್ತದೆ. ಉದ್ದ ಕಂಬಿಗಳು ಹೊರಕ್ಕೆ ಬಾಗುತ್ತವೆ, ತಿರುಳು ಪುಡಿಯಾಗಿ ಸುರಿಯುತ್ತದೆ, ಸ್ಲ್ಯಾಬ್ ನೇರವಾಗಿ ಕೆಳಗಿನ ಸ್ಲ್ಯಾಬಿನ ಮೇಲೆ ಬೀಳುತ್ತದೆ. ಪೋರ್ಟ್-ಒ-ಪ್ರಿನ್ಸ್‌ನ ಚಿತ್ರಗಳಲ್ಲಿ ಮಹಡಿಗಳು ಒಂದರ ಮೇಲೊಂದು ಕೂತಿರುವುದನ್ನು ನೀವು ನೋಡಿರಬಹುದು. ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಅಂಥ ಚಿತ್ರ ನೋಡುವಾಗಲೆಲ್ಲ ನನಗೆ ಕಾಣುವುದು ಆ ತೆಳು ಕಂಬಿಯ ತುದಿ. ಅದನ್ನು ಸರಿಯಾಗಿ ಬಗ್ಗಿಸಲು ಖರ್ಚೇನೂ ಇಲ್ಲ, ತಿಳಿಸಿಕೊಡುವವರು ಬೇಕು, ನಿಂತು ನೋಡುವವರು ಬೇಕು.

ತಿಳಿದವರೇ ಇರಲಿಲ್ಲ ಎಂದಲ್ಲ. ಅಲ್ಲಿನ ಬಿರುಕು ವಲಯ 1751 ಮತ್ತು 1770ರಲ್ಲಿ ನಗರವನ್ನು ಹಾಳುಗೆಡವಿತ್ತು. ಆಮೇಲೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಸುಮ್ಮನಿತ್ತು. ನೆಲ ವರ್ಷಕ್ಕೆ ಎಷ್ಟು ಮಿಲಿಮೀಟರ್ ಸರಿಯುತ್ತಿದೆ ಎಂದು ಜಿಪಿಎಸ್‌ನಿಂದ ಅಳೆದ ವಿಜ್ಞಾನಿಗಳು, ಇಲ್ಲಿ ಕೂಡಿಟ್ಟ ಬಿಗಿತ 7.2 ಪ್ರಮಾಣದ ಭೂಕಂಪಕ್ಕೆ ಸಾಕು ಎಂದು 2008ರಲ್ಲೇ ಹೇಳಿದ್ದರು. ಎರಡು ವರ್ಷದಲ್ಲಿ ಒಂದು ಬಡ ದೇಶದ ರಾಜಧಾನಿಯನ್ನು ಹೊಸದಾಗಿ ಕಟ್ಟಲು ಯಾರಿಂದಲೂ ಆಗುತ್ತಿರಲಿಲ್ಲ. ಆದರೂ ಆ ಎಚ್ಚರಿಕೆಯನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ನೀವು ‘ಲಕ್ಷಕ್ಕೂ ಹೆಚ್ಚು’ ಎಂದು ಬರೆದದ್ದು ಸರಿ. ಹೈಟಿ ಸರ್ಕಾರ ಕೊನೆಗೆ ಕೊಟ್ಟ ಸಂಖ್ಯೆ 3,16,000. ಮನೆ ಮನೆ ಸಮೀಕ್ಷೆ ಮಾಡಿದವರ ಅಂದಾಜು ಅದರ ಅರ್ಧದಷ್ಟು. ಶವಗಳನ್ನು ಲಾರಿಗಳಲ್ಲಿ ಒಯ್ದು, ಎಣಿಸಲೂ ಆಗದೆ ಒಂದೇ ಗುಂಡಿಯಲ್ಲಿ ಹೂಳಬೇಕಾಯಿತು. ಈ ಅಂತರ ಬಂದದ್ದು ಹಾಗೆ.

ಈಗ ಚಿಲಿ. ಫೆಬ್ರುವರಿ 27, ನಸುಕಿನ 3 ಗಂಟೆ 34 ನಿಮಿಷ. ಭೂಮಿಯ ಗಟ್ಟಿ ಹೊರಪದರದ ಭಾರಿ ತುಂಡುಗಳಿಗೆ ಫಲಕ ಎನ್ನುತ್ತಾರೆ. ಇಲ್ಲಿ ಸಮುದ್ರದಡಿಯ ನಾಸ್ಕಾ ಫಲಕ ದಕ್ಷಿಣ ಅಮೆರಿಕದ ಫಲಕದ ಅಡಿಗೆ ನುಗ್ಗುತ್ತಿದೆ. ಕರಾವಳಿಯುದ್ದಕ್ಕೂ ಸುಮಾರು 500 ಕಿಲೋಮೀಟರ್ ಉದ್ದದ ಭಾಗ ಒಮ್ಮೆಗೇ ಜಾರಿತು. ಕಾನ್ಸೆಪ್ಸಿಯೊನ್ ನಗರ ಇಡಿಯಾಗಿ ಸುಮಾರು 3 ಮೀಟರ್ ಪಶ್ಚಿಮಕ್ಕೆ ಸರಿಯಿತು. ಆ ಭಾಗ ಹಿಂದೆ ದೊಡ್ಡದಾಗಿ ಜಾರಿದ್ದು 1835ರಲ್ಲಿ. ಹಡಗಿನಲ್ಲಿ ಲೋಕ ಸುತ್ತುತ್ತಿದ್ದ ಚಾರ್ಲ್ಸ್ ಡಾರ್ವಿನ್ ಆಗ ಚಿಲಿಯಲ್ಲೇ ಇದ್ದು, ಹಾಳುಬಿದ್ದ ಕಾನ್ಸೆಪ್ಸಿಯೊನನ್ನು ಕಂಡು ಬರೆದಿಟ್ಟಿದ್ದಾನೆ.

ಇಷ್ಟು ದೊಡ್ಡದಾದರೂ ಜಾರಿದ ಬಿರುಕಿನ ಬಹುಭಾಗ ಸಮುದ್ರದಡಿಯಲ್ಲಿತ್ತು, ಜಾರಲು ಶುರುವಾದದ್ದು ಮೂವತ್ತು ಕಿಲೋಮೀಟರಿನ ಆಸುಪಾಸಿನ ಆಳದಲ್ಲಿ. ಅದು ಒಂದು ಅನುಕೂಲ. ಅದಕ್ಕಿಂತ ದೊಡ್ಡ ಅನುಕೂಲವನ್ನು ಚಿಲಿಯವರು ತಾವೇ ದುಡಿದು ಪಡೆದಿದ್ದರು. 1939ರಲ್ಲಿ ಚಿಯಾನ್ ಭೂಕಂಪ ಸಾವಿರಾರು ಜನರನ್ನು ಕೊಂದಿತ್ತು. 1960ರಲ್ಲಿ ವಾಲ್ಡಿವಿಯಾದಲ್ಲಿ 9.5 ಆಯಿತು, ಉಪಕರಣಗಳಿಂದ ಅಳೆದ ಭೂಕಂಪಗಳಲ್ಲಿ ಅದೇ ಇಂದಿಗೂ ಎಲ್ಲಕ್ಕಿಂತ ದೊಡ್ಡದು. ಪ್ರತಿ ಪೆಟ್ಟಿನ ನಂತರ ಕಟ್ಟಡದ ನಿಯಮ ಬಿಗಿಯಾಯಿತು. ಅಲ್ಲಿನ ಬಹುಮಹಡಿ ಕಟ್ಟಡಗಳಲ್ಲಿ ಪಿಲ್ಲರ್‌ಗಳ ಜೊತೆಗೆ ತಳದಿಂದ ತುದಿಯವರೆಗೆ ಕಾಂಕ್ರೀಟಿನ ಗಟ್ಟಿ ಗೋಡೆಗಳಿರುತ್ತವೆ. ರಚನೆಯಲ್ಲಿ ದೋಷ ಕಂಡರೆ ಹತ್ತು ವರ್ಷದವರೆಗೆ ಕಟ್ಟಿ ಮಾರಿದವನೇ ಹೊಣೆ ಎಂದು ಕಾನೂನಿದೆ. ಕಾನ್ಸೆಪ್ಸಿಯೊನ್‌ನಲ್ಲಿ ಆಲ್ಟೊ ರಿಯೊ ಎಂಬ ಹದಿನೈದು ಮಹಡಿಯ ಹೊಸ ಕಟ್ಟಡ ಮಗುಚಿ ಅಂಗಾತ ಬಿದ್ದು ಎಂಟು ಜನ ಸತ್ತರು. ಆ ಚಿತ್ರ ಲೋಕವೆಲ್ಲ ಓಡಾಡಿತು. ಸಾವಿರಾರು ಬಹುಮಹಡಿ ಕಟ್ಟಡಗಳ ನಡುವೆ ಹಾಗೆ ಬಿದ್ದದ್ದು ಅದೊಂದೇ ಎಂಬುದು ಮಾತ್ರ ಅಷ್ಟಾಗಿ ಸುದ್ದಿಯಾಗಲಿಲ್ಲ.

ಚಿಲಿ ಎಲ್ಲವನ್ನೂ ಸರಿಯಾಗಿ ಮಾಡಿತು ಎಂದು ನಾನು ಹೇಳಲಾರೆ. ಸತ್ತ 525 ಜನರಲ್ಲಿ 156 ಜನರನ್ನು ಕೊಂದದ್ದು ಸುನಾಮಿ, ಮತ್ತು ಅಲ್ಲಿ ವ್ಯವಸ್ಥೆ ಎಡವಿತು. ನೌಕಾಪಡೆಯ ಸಾಗರ ಮಾಪನ ಸಂಸ್ಥೆ ಎಚ್ಚರಿಕೆ ಕೊಟ್ಟು, ಮತ್ತೆ ಹಿಂದಕ್ಕೆ ತೆಗೆದುಕೊಂಡಿತು. ಅಷ್ಟರಲ್ಲಿ ಅಲೆಗಳು ಬರುತ್ತಲೇ ಇದ್ದವು. ಕಾನ್ಸ್ಟಿಟುಸಿಯೊನ್ ಊರಿನ ನದೀಮುಖದಲ್ಲಿ ಒರೆಗೊ ಎಂಬ ಪುಟ್ಟ ದ್ವೀಪವಿದೆ. ಬೇಸಿಗೆ ರಜೆಯ ಕೊನೆಯ ದಿನಗಳಾದ್ದರಿಂದ ಅಲ್ಲಿ ಡೇರೆ ಹಾಕಿಕೊಂಡು ಮಲಗಿದ್ದ ಕುಟುಂಬಗಳಿದ್ದವು. ದಾಟಲು ಸೇತುವೆಯಿಲ್ಲ, ಆ ಹೊತ್ತಿನಲ್ಲಿ ಹತ್ತಲು ದೋಣಿಯಿಲ್ಲ. ನೆಲ ನಡುಗಿದಾಗಲೇ ಅವರಿಗೆ ಏನು ಬರಲಿದೆ ಎಂದು ಗೊತ್ತಾಗಿತ್ತು. ದಡದವರಿಗೆ ದೀಪ ತೋರಿಸಿ ಕರೆಯುವುದೊಂದು ಬಿಟ್ಟು ಬೇರೆ ದಾರಿಯಿರಲಿಲ್ಲ. ಕರಾವಳಿಯ ಬೇರೆ ಕಡೆ ಸಾವಿರಾರು ಜನ ಬದುಕಿದ್ದು ಸೈರನ್ ಕೇಳಿ ಅಲ್ಲ. 1960 ಅನ್ನು ಕಂಡ ಹಿರಿಯರಿಂದ ಕೇಳಿ ತಿಳಿದಿದ್ದರು: ನಿಲ್ಲಲಾಗದಷ್ಟು ನೆಲ ಅಲುಗಿದರೆ ಯಾರನ್ನೂ ಕಾಯದೆ ಗುಡ್ಡ ಹತ್ತು. ದೂರದ ರಾಬಿನ್ಸನ್ ಕ್ರೂಸೊ ದ್ವೀಪದಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಕತ್ತಲಲ್ಲಿ ಕೊಲ್ಲಿಯ ದೋಣಿಗಳು ವಿಚಿತ್ರವಾಗಿ ಹೊಯ್ದಾಡುವುದನ್ನು ಗಮನಿಸಿ, ಓಡಿಹೋಗಿ ಊರಿನ ಗಂಟೆ ಬಾರಿಸಿದಳು. ಆ ಸದ್ದಿಗೆ ಎದ್ದವರೆಷ್ಟೋ ಜನ ಬದುಕಿದರು.

ಮಾರ್ಚಿನಲ್ಲಿ ಟರ್ಕಿಯ ಎಲಾಜಿಗ್ ಪ್ರಾಂತ್ಯದಲ್ಲಿ ಬರೀ 6.1ಕ್ಕೆ ಹಸಿ ಇಟ್ಟಿಗೆಯ ಹಳ್ಳಿಮನೆಗಳು ಉರುಳಿ 40ಕ್ಕೂ ಹೆಚ್ಚು ಜನ ಸತ್ತರು. ಏಪ್ರಿಲ್ 4ರಂದು ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ 7.2, ಹೈಟಿಗಿಂತ ಶಕ್ತಿಯಲ್ಲಿ ಸುಮಾರು ಎರಡು ಪಟ್ಟು. ಜನವಿರಳ ಮರುಭೂಮಿಯಾದ್ದರಿಂದ ಸಾವು ಬೆರಳೆಣಿಕೆಯಷ್ಟು. ಹತ್ತು ದಿನದ ಬಳಿಕ ಚೀನಾದ ಕಿಂಗ್‌ಹಾಯ್ ಪ್ರಾಂತ್ಯದ ಯುಷುವಿನಲ್ಲಿ 6.9. ಬಿರುಕು ಪಟ್ಟಣದ ಪಕ್ಕದಲ್ಲೇ ಹಾದುಹೋಗುತ್ತದೆ, ಮನೆಗಳು ಮಣ್ಣು ಮತ್ತು ಮರದವು, ಬೆಳಗಿನ ಎಂಟರೊಳಗೆ ಬಹಳ ಜನ ಮನೆಯಲ್ಲೇ ಇದ್ದರು. ಸತ್ತವರು 2,698. ಸುಮಾರು 3,700 ಮೀಟರ್ ಎತ್ತರದ ಊರದು. ಬಯಲುಸೀಮೆಯಿಂದ ಬಂದ ರಕ್ಷಣಾ ಸಿಬ್ಬಂದಿಗೇ ಉಸಿರಾಡುವುದು ಕಷ್ಟವಾಯಿತು. ಅವರು ತಲುಪುವ ಮೊದಲೇ ಅಲ್ಲಿನ ಬೌದ್ಧ ಭಿಕ್ಷುಗಳು ಬರಿಗೈಯಲ್ಲಿ ಮಣ್ಣು ಬಗೆಯುತ್ತಿದ್ದರು.

ನೀವು ಕೇಳಿದ ನ್ಯೂಜಿಲೆಂಡ್ ಪ್ರಕರಣವನ್ನು ಪೂರ್ತಿ ನೋಡಬೇಕು, ಯಾಕೆಂದರೆ ಅದು ಆ ವರ್ಷಕ್ಕೆ ಮುಗಿಯಲಿಲ್ಲ. ಸೆಪ್ಟೆಂಬರ್ 4, ಶನಿವಾರ, ನಸುಕಿನ 4 ಗಂಟೆ 35 ನಿಮಿಷ. ಕ್ರೈಸ್ಟ್‌ಚರ್ಚ್ ನಗರದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ದೂರದ ಡಾರ್ಫೀಲ್ಡ್ ಬಳಿ 7.1. ಅಲ್ಲಿ ಒಂದು ಬಿರುಕಿದೆ ಎಂದು ಅಂದಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ನದಿಗಳು ತಂದು ಹರಡಿದ ಜಲ್ಲಿ ಅದನ್ನು ಮುಚ್ಚಿಟ್ಟಿತ್ತು. ಬೆಳಕು ಹರಿದಾಗ ಹೊಲಗಳ ನಡುವೆ ಸುಮಾರು 30 ಕಿಲೋಮೀಟರ್ ಉದ್ದಕ್ಕೆ ನೆಲ ಹರಿದಿತ್ತು. ನೂಲು ಹಿಡಿದಂತೆ ನೆಟ್ಟಗಿದ್ದ ಬೇಲಿ, ರಸ್ತೆ, ಕಾಲುವೆಗಳು ಬಿರುಕು ದಾಟುವಲ್ಲಿ ಪಕ್ಕಕ್ಕೆ ಸರಿದು, ಕೆಲವು ಕಡೆ ನಾಲ್ಕೈದು ಮೀಟರ್ ಆಚೆಗೆ ಮತ್ತೆ ನೆಟ್ಟಗೆ ಮುಂದುವರಿದಿದ್ದವು. ನಮ್ಮಂಥವರಿಗೆ ಇದಕ್ಕಿಂತ ಸ್ಪಷ್ಟವಾದ ಪಾಠ ಸಿಗುವುದು ಅಪರೂಪ.

ಸಾವು ಏಕಾಗಲಿಲ್ಲ? ಅಲ್ಲಿನವರು 1931ರ ಹಾಕ್ಸ್ ಬೇ ಭೂಕಂಪದಲ್ಲಿ 256 ಜನರನ್ನು ಕಳೆದುಕೊಂಡ ಮೇಲೆ ಕಟ್ಟಡದ ನಿಯಮಗಳನ್ನು ತಂದಿದ್ದರು. ಜನ ಮಲಗಿದ್ದು ಮರದ ಚೌಕಟ್ಟಿನ ಹಗುರ ಮನೆಗಳಲ್ಲಿ. ಇವು ನಿಜವಾದ ಕಾರಣಗಳೇ. ಆದರೆ ಹೊತ್ತು ಕೂಡ ಅವರ ಕಡೆಗಿತ್ತು. ನಗರದ ನಡುವಿನ ಹಳೆಯ ಇಟ್ಟಿಗೆ ಕಟ್ಟಡಗಳ ಮುಂಗೋಡೆಗಳು ಕಳಚಿ ಕಾಲುದಾರಿಯ ಮೇಲೆ ಸುರಿದಿದ್ದವು. ಆ ಹೊತ್ತಿನಲ್ಲಿ ಅಲ್ಲಿ ನಡೆಯುವವರು ಇರಲಿಲ್ಲ, ಅಷ್ಟೇ. ಐದೂವರೆ ತಿಂಗಳ ನಂತರ, 2011ರ ಫೆಬ್ರುವರಿ 22ರಂದು ಅದೇ ಸರಣಿಯ ಮರುಕಂಪನವೊಂದು ಬಂತು. ಪ್ರಮಾಣ ಬರೀ 6.2. ಆದರೆ ಅದು ಆದದ್ದು ನಗರದ ಅಂಚಿನಲ್ಲೇ, ಸುಮಾರು 5 ಕಿಲೋಮೀಟರ್ ಆಳದಲ್ಲಿ, ಮಧ್ಯಾಹ್ನ 12 ಗಂಟೆ 51 ನಿಮಿಷಕ್ಕೆ. ಊಟದ ಹೊತ್ತು, ಬೀದಿ ತುಂಬ ಜನ. 185 ಜನ ಸತ್ತರು. ಅವರಲ್ಲಿ 115 ಜನ ಒಂದೇ ಕಟ್ಟಡದಲ್ಲಿದ್ದವರು. ಹೆಚ್ಚಿನ ಪ್ರಮಾಣದ್ದು ಯಾರನ್ನೂ ಕೊಲ್ಲದ ಊರಿನಲ್ಲೇ ಕಡಿಮೆ ಪ್ರಮಾಣದ್ದು ಇಷ್ಟು ಜನರನ್ನು ಕೊಂದಿತು. ಜನ ಅದೇ, ನಿಯಮ ಅದೇ. ಬದಲಾದದ್ದು ದೂರ, ಆಳ, ಗಡಿಯಾರ.

ಅಕ್ಟೋಬರ್ 25ರ ರಾತ್ರಿ ಇಂಡೊನೇಷ್ಯಾದ ಮೆಂತಾವಾಯ್ ದ್ವೀಪಗಳಲ್ಲಿ ಆದದ್ದು ಇವೆಲ್ಲಕ್ಕಿಂತ ಬೇರೆ ಬಗೆ. ಪ್ರಮಾಣ 7.8. ಆದರೆ ದ್ವೀಪದವರಿಗೆ ಅನುಭವವಾದದ್ದು ಮೆಲ್ಲನೆ ತೊಟ್ಟಿಲು ತೂಗಿದ ಹಾಗೆ, ಬಹಳ ಹೊತ್ತು. ಹಿಂದಿನ ವರ್ಷಗಳ ಜೋರು ಕಂಪನಗಳನ್ನು ಕಂಡಿದ್ದ ಜನ ಇದನ್ನು ಸಣ್ಣದೆಂದು ಬಗೆದರು. ಅನೇಕರು ಮನೆಯಲ್ಲೇ ಉಳಿದರು. ಕೆಲವೇ ನಿಮಿಷಗಳಲ್ಲಿ ಕತ್ತಲಿನಿಂದ ನೀರು ಬಂತು. 400ಕ್ಕೂ ಹೆಚ್ಚು ಜನ ಹೋದರು. ಬಿರುಕು ಜಾರಿದ್ದು ಸಮುದ್ರತಳದ ತೀರ ಮೇಲಿನ, ಮೆತ್ತನೆಯ ಭಾಗದಲ್ಲಿ. ಅಂಥ ಕಡೆ ಜಾರುವಿಕೆ ನಿಧಾನವಾಗಿ ಹಬ್ಬುತ್ತದೆ, ಹಾಗಾಗಿ ಮನೆ ಬೀಳಿಸುವ ಚುರುಕು ಅಲೆಗಳು ಹುಟ್ಟುವುದು ಕಡಿಮೆ. ಸಮುದ್ರತಳ ಮಾತ್ರ ಬಹಳ ಎತ್ತರಕ್ಕೆ ಏಳುತ್ತದೆ. ಇವನ್ನು ‘ಸುನಾಮಿ ಭೂಕಂಪ’ ಎಂದು 1972ರಲ್ಲಿ ಹೆಸರಿಟ್ಟು ಗುರುತಿಸಿದವರು ಮೇಲೆ ಹೇಳಿದ ಕನಮೊರಿಯವರೇ. ಚಿಲಿಯ ಹಿರಿಯರ ಮಾತು ಇಲ್ಲಿ ಸಾಲುತ್ತಿರಲಿಲ್ಲ. ಕಡಲಂಚಿನಲ್ಲಿರುವವರು ಎಷ್ಟು ಜೋರಾಗಿ ಅಲುಗಿತು ಎಂದಷ್ಟೇ ಅಲ್ಲ, ಎಷ್ಟು ಹೊತ್ತು ಅಲುಗಿತು ಎಂದೂ ನೋಡಬೇಕು. ಮೆಲ್ಲಗಾದರೂ ಒಂದು ನಿಮಿಷ ದಾಟಿತೋ, ಎತ್ತರಕ್ಕೆ ಹೊರಡಬೇಕು. ಈ ಉತ್ತರದಲ್ಲಿ ನೀವು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಇನ್ನು ಎರಡನೆಯ ಪ್ರಶ್ನೆ: ಭೂಮಿಯೊಳಗೆ ಏನೋ ಬದಲಾಯಿತೇ? 7 ಅಥವಾ ಅದಕ್ಕೂ ಮೇಲಿನ ಪ್ರಮಾಣದ ಭೂಕಂಪಗಳು ವರ್ಷಕ್ಕೆ ಸರಾಸರಿ 16 ಆಗುತ್ತವೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಲೆಕ್ಕದಲ್ಲಿ 2010ರಲ್ಲಿ 23 ಆದವು. ಹೆಚ್ಚೇ, ಅನುಮಾನವಿಲ್ಲ. ಆದರೆ 1988ರಲ್ಲಿ ಆದದ್ದು 7, 1989ರಲ್ಲಿ 6. ಆಗ ಭೂಮಿ ತಣ್ಣಗಾಯಿತು ಎಂದು ಯಾರೂ ಹೇಳಲಿಲ್ಲ. ಕಾಳು ಎರಚಿದರೆ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ತೆಳುವಾಗಿ ಬೀಳುವಂತೆ, ವರ್ಷಗಳ ಮೇಲೂ ಭೂಕಂಪಗಳು ಹಾಗೆಯೇ ಬೀಳುತ್ತವೆ. ಒಂದು ದೊಡ್ಡ ಭೂಕಂಪ ತನ್ನ ಅಕ್ಕಪಕ್ಕದ ಬಿರುಕುಗಳ ಮೇಲೆ ಒತ್ತಡ ಹಾಕುವುದು ನಿಜ, ಕ್ರೈಸ್ಟ್‌ಚರ್ಚ್‌ನಲ್ಲಿ ಕಂಡದ್ದು ಅದೇ. ಹೈಟಿಯ ಭೂಕಂಪ ಸಾವಿರಾರು ಕಿಲೋಮೀಟರ್ ಆಚೆಯ ಚಿಲಿಯದನ್ನು ಎಬ್ಬಿಸಿತು ಎನ್ನಲು ಆಧಾರವಿಲ್ಲ. ಚಿಲಿಯದ್ದು 1835ರಿಂದ ತನ್ನ ಪಾಡಿಗೆ ತಾನು ಬಿಗಿತ ಕೂಡಿಸಿಕೊಳ್ಳುತ್ತಾ ಬಂದಿತ್ತು.

ಆ 23ರಲ್ಲಿ ಯಾವು ಯಾವು ಸೇರಿವೆ ಎಂದು ಒಮ್ಮೆ ನೋಡಿ. ಜುಲೈ 23ರಂದು ಫಿಲಿಪ್ಪೀನ್ಸ್‌ನ ಮಿಂಡನಾವೊ ದ್ವೀಪದ ಹತ್ತಿರ, ಮೋರೊ ಕೊಲ್ಲಿಯ ಅಡಿಯಲ್ಲಿ, ಕೆಲವೇ ಗಂಟೆಗಳೊಳಗೆ ಮೂರು ಭೂಕಂಪಗಳಾದವು. ಮೂರೂ 7ಕ್ಕಿಂತ ಮೇಲೆ, ಅವುಗಳಲ್ಲಿ ದೊಡ್ಡದು 7.6. ಹೈಟಿಯದಕ್ಕಿಂತ ಮೂರೂ ದೊಡ್ಡವು. ಆದದ್ದು ಮಾತ್ರ ಸುಮಾರು 600 ಕಿಲೋಮೀಟರ್ ಆಳದಲ್ಲಿ, ಭೂಮಿಯೊಳಕ್ಕೆ ಇಳಿದುಹೋಗುತ್ತಿರುವ ಫಲಕದ ತುಂಡೊಂದರಲ್ಲಿ. ಲೋಕದೆಲ್ಲೆಡೆಯ ಭೂಕಂಪ ಮಾಪಕಗಳ ಮುಳ್ಳು ಜಿಗಿಯಿತು. ಮೇಲೆ, ಮಿಂಡನಾವೊದಲ್ಲಿ, ಒಂದು ಮನೆಯೂ ಬಿದ್ದ ವರದಿಯಾಗಲಿಲ್ಲ.